ಅತ್ತೆಯ ಮೊಣಕಾಲು, ಹುಣ್ಣಿಮೆ ಚಂದ್ರ ಮತ್ತು ಎರಡು ಎಳ್ಳು ಕಾಳು

ಹೋದ ಕಾರ ಹುಣ್ಣಿಮೆಗೆ ದಾವಣಗೆರೆಯಲ್ಲಿ ಸೋದರತ್ತೆಯ ಮನೆಗೆ ಹೋಗಿದ್ದೆ. ನಿಟುವಳ್ಳಿಯ ಹಳೇ ಮನೆ. ಊಟ ಮುಗಿಸಿ ಹೊರಗಿನ ಕಟ್ಟೆ ಮೇಲೆ ಕೂತಿದ್ದೆವು. ಮೋಡ ಸರಿದು ಚಂದ್ರ ಕಂಡ. ಎಡ ಮೊಣಕಾಲಿಗೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದರು. ಹಳೇ ಸಾಲಗಾರನನ್ನು ನೋಡಿದ ಹಾಗಿತ್ತು ಆ ನೋಟ.

"ನೋಡಪ್ಪ, ಹುಣ್ಣಿಮೆ ಹತ್ರ ಬಂತು ಅಂದ್ರೆ ಸಾಕು, ಮೊಣಕಾಲು ಹಿಡ್ಕೊಂಡು ಬಿಡ್ತದೆ. ಅಮಾಸಿಗೂ ಹಂಗೇ."

"ಅದಕ್ಕೂ ಇದಕ್ಕೂ ಏನತ್ತೆ ಸಂಬಂಧ?"

"ಅಲ್ಲೋ, ಅಷ್ಟು ದೊಡ್ಡ ಸಮುದ್ರನೇ ಉಕ್ಕುತ್ತಂತೆ. ನಮ್ಮ ಮೈಯಾಗೆ ಮುಕ್ಕಾಲು ಪಾಲು ನೀರು ಅಂತ ನೀನೇ ಹೇಳಿದ್ದೆ. ಸಮುದ್ರ ಎಳೆಯೋನಿಗೆ ನನ್ನ ಮೊಣಕಾಲು ಯಾವ ಲೆಕ್ಕ?"

ನಾನು ನಗಲಿಲ್ಲ. ಯಾಕಂದರೆ ಇದು ಪೆದ್ದು ಪ್ರಶ್ನೆಯಲ್ಲ. 1970ರ ದಶಕದಲ್ಲಿ ಅಮೆರಿಕದ ಮಯಾಮಿಯ ಮನೋವೈದ್ಯ ಆರ್ನಾಲ್ಡ್ ಲೀಬರ್ ಹೆಚ್ಚು ಕಡಿಮೆ ಇದೇ ವಾದ ಮುಂದಿಟ್ಟಿದ್ದರು. ಸಮುದ್ರದಲ್ಲಿ ಉಬ್ಬರ ಇಳಿತ ಇರುವ ಹಾಗೆ ಮೈಯೊಳಗಿನ ನೀರಿನಲ್ಲೂ ಇರುತ್ತದೆ, ಅದಕ್ಕೇ ಜನ ಹುಣ್ಣಿಮೆಗೆ ಕೆರಳುತ್ತಾರೆ ಅಂತ. ಅವರಿಗೂ ನಮ್ಮ ಅತ್ತೆಗೂ ವ್ಯತ್ಯಾಸ ಇಷ್ಟೇ, ಅತ್ತೆ ಕೊನೆಯಲ್ಲಿ "ಯಾವ ಲೆಕ್ಕ" ಅಂತ ಕೇಳಿದರು. ಲೆಕ್ಕ ಹಾಕಿದರೇ ಗೊತ್ತಾಗೋದು.

ಮೊದಲು ಒಂದು ಸಣ್ಣ ತಿದ್ದುಪಡಿ. ಮುಕ್ಕಾಲು ಪಾಲು ನೀರು ಇರುವುದು ಆಗತಾನೆ ಹುಟ್ಟಿದ ಮಗುವಿನಲ್ಲಿ. ದೊಡ್ಡವರಲ್ಲಿ ಅದು ನೂರಕ್ಕೆ ಐವತ್ತರಿಂದ ಅರವತ್ತರಷ್ಟು. ವಯಸ್ಸಾದಂತೆ ಇನ್ನೂ ಸ್ವಲ್ಪ ಇಳಿಯುತ್ತದೆ. ಇರಲಿ, ಅದೂ ಕಡಿಮೆ ನೀರೇನಲ್ಲ. 60 ಕೆಜಿ ತೂಕದವರಲ್ಲಿ ಮೂವತ್ತು ಲೀಟರಿಗೂ ಜಾಸ್ತಿ. ಒಂದೂವರೆ ಕ್ಯಾನ್ ಕುಡಿಯೋ ನೀರು ಅಂದುಕೊಳ್ಳಿ.

ಇನ್ನು ಚಂದ್ರ. ಅವನು ನಮ್ಮನ್ನು ಎಳೆಯುತ್ತಾನಾ? ಎಳೆಯುತ್ತಾನೆ, ಅದರಲ್ಲಿ ಅನುಮಾನವೇ ಇಲ್ಲ. ಚಂದ್ರನ ದ್ರವ್ಯರಾಶಿ ಭೂಮಿಯದರಲ್ಲಿ 81ನೇ ಒಂದು ಪಾಲು. ಅವನು ಇರುವುದು ಸರಾಸರಿ 3,84,400 ಕಿ.ಮೀ. ದೂರದಲ್ಲಿ. ಅಂದರೆ ನಾವು ಭೂಮಿಯ ನಡುಬಿಂದುವಿನಿಂದ ಎಷ್ಟು ದೂರ ಇದ್ದೇವೋ ಅದರ 60 ಪಟ್ಟು. ದೂರ 60 ಪಟ್ಟಾದರೆ ಎಳೆತ 60 ಗುಣಿಸು 60, ಅಂದರೆ 3,600 ಪಟ್ಟು ಕಡಿಮೆಯಾಗುತ್ತದೆ. ಇದು ನ್ಯೂಟನ್ ಕಾಲದಿಂದ ಗೊತ್ತಿರುವ ವಿಷಯ. ಎರಡೂ ಸೇರಿಸಿದರೆ, ನಮ್ಮ ಮೇಲೆ ಚಂದ್ರನ ಎಳೆತ ಭೂಮಿಯ ಎಳೆತದ ಸುಮಾರು 2.9 ಲಕ್ಷದಲ್ಲಿ ಒಂದು ಪಾಲು. 60 ಕೆಜಿಯ ಅತ್ತೆಯನ್ನು ಚಂದ್ರ ಎಳೆಯುವ ಬಲ 0.2 ಗ್ರಾಂ ತೂಕಕ್ಕೆ ಸಮ. ಹತ್ತು ಅಕ್ಕಿ ಕಾಳು.

ಸೂರ್ಯನದು ಎಷ್ಟು ಗೊತ್ತಾ? 36 ಗ್ರಾಂ! ಚಂದ್ರನಿಗಿಂತ ನೂರೆಂಬತ್ತು ಪಟ್ಟು ಹತ್ತಿರ ಹತ್ತಿರ. ಎಳೆತವೇ ಮಾತಾಗಿದ್ದರೆ ಅತ್ತೆ ದಿನಾ ಬೆಳಿಗ್ಗೆ ಎದ್ದು ಸೂರ್ಯನಿಗೆ ಬೈಯಬೇಕಿತ್ತು.

ಆದರೆ ಈ 0.2 ಗ್ರಾಂ ಆಗಲಿ 36 ಗ್ರಾಂ ಆಗಲಿ ನಮಗೆ ತಟ್ಟುವುದಿಲ್ಲ. ಯಾಕೆ? ಚಂದ್ರ ನಮ್ಮೊಬ್ಬರನ್ನೇ ಎಳೆಯುತ್ತಿಲ್ಲ. ನಮ್ಮ ಜೊತೆಗೆ ಕಟ್ಟೆ, ಮನೆ, ಬೀದಿ, ಇಡೀ ಭೂಮಿಯನ್ನೇ ಎಳೆಯುತ್ತಿದ್ದಾನೆ. ಬಸ್ಸಿನಲ್ಲಿ ಬ್ರೇಕ್ ಹಾಕಿದಾಗ ನಾವು ಮುಗ್ಗರಿಸುವುದು ಯಾಕೆ? ಬಸ್ಸು ನಿಧಾನವಾಯಿತು, ನಾವು ಆಗಲಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ಒಂದೇ ಸಮ ನಿಧಾನವಾಗಿದ್ದರೆ ಮುಗ್ಗರಿಸುತ್ತಲೇ ಇರಲಿಲ್ಲ. ಚಂದ್ರನ ವಿಷಯದಲ್ಲಿ ಆಗುವುದು ಹಾಗೆಯೇ. ಭೂಮಿ ಅನ್ನೋ ಬಸ್ಸೂ ನಾವೂ ಜೊತೆಜೊತೆಗೇ ವಾಲುತ್ತೇವೆ.

ಹಾಗಾದರೆ ಸಮುದ್ರ ಯಾಕೆ ಉಬ್ಬುತ್ತದೆ? ಇಲ್ಲಿಯೇ ಬಹಳ ಜನ ಎಡವುವುದು. ಚಂದ್ರ ನೀರನ್ನು ಕೊಡದಲ್ಲಿ ಮೊಗೆದ ಹಾಗೆ ಮೇಲೆತ್ತುತ್ತಾನೆ ಅಂತ ಶಾಲೆಯ ಚಿತ್ರ ನೋಡಿ ಅಂದುಕೊಂಡಿರುತ್ತೇವೆ. ಅದು ಹಾಗಲ್ಲ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಮೂರು ಬೈಕು ಹೊರಟಿವೆ ಅಂದುಕೊಳ್ಳಿ. ಒಂದರ ಹಿಂದೆ ಒಂದು. ಮುಂದಿನವನ ವೇಗ ಗಂಟೆಗೆ 62 ಕಿ.ಮೀ., ನಡುವಿನವನದು 60, ಹಿಂದಿನವನದು 58. ಮೂವರೂ ಹೋಗುತ್ತಿರುವುದು ದುರ್ಗದ ಕಡೆಗೇ. ಆದರೆ ನಡುವಿನವನಿಗೆ ಏನು ಕಾಣುತ್ತದೆ? ಮುಂದಿನವನು ತನ್ನಿಂದ ಮುಂದೆ ಮುಂದೆ ಹೋಗುತ್ತಿದ್ದಾನೆ. ಹಿಂದಿನವನು ಹಿಂದೆ ಹಿಂದೆ ಉಳಿಯುತ್ತಿದ್ದಾನೆ. ಯಾರೋ ಇಬ್ಬರನ್ನೂ ಎರಡು ಕಡೆಗೆ ಎಳೆಯುತ್ತಿದ್ದಾರೇನೋ ಅನ್ನಿಸುತ್ತದೆ.

ಮುಂದಿನ ಬೈಕು ಅಂದರೆ ಚಂದ್ರನ ಕಡೆಗಿರುವ ಸಮುದ್ರ. ನಡುವಿನದು ಭೂಮಿಯ ನಡುಬಿಂದು. ಹಿಂದಿನದು ಆ ಬದಿಯ ಸಮುದ್ರ. ಹತ್ತಿರದ ಸಮುದ್ರಕ್ಕೆ ಎಳೆತ ನೂರಕ್ಕೆ ಮೂರರಷ್ಟು ಜಾಸ್ತಿ, ದೂರದ್ದಕ್ಕೆ ಅಷ್ಟೇ ಕಡಿಮೆ. 62, 60, 58 ಅನ್ನೋ ಅಂಕಿಗಳನ್ನು ನಾನು ಸುಮ್ನೆ ಆರಿಸಿದ್ದಲ್ಲ, ಲೆಕ್ಕವೂ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಅದಕ್ಕೇ ಭೂಮಿಯ ಎರಡೂ ಬದಿಯಲ್ಲಿ ನೀರು ಉಬ್ಬುತ್ತದೆ, ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ. ಅಂದರೆ ಉಬ್ಬರ ಹುಟ್ಟುವುದು ಚಂದ್ರನ ಎಳೆತದಿಂದಲ್ಲ, ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಆ ಎಳೆತದಲ್ಲಿ ಇರುವ ವ್ಯತ್ಯಾಸದಿಂದ.

ವ್ಯತ್ಯಾಸ ಬೇಕಾದರೆ ಜಾಗ ಬೇಕು. ಭೂಮಿಯ ಅಡ್ಡಳತೆ 12,700 ಕಿ.ಮೀ. ದಾಟುತ್ತದೆ. ಅತ್ತೆಯ ಎತ್ತರ ಐದು ಅಡಿ ಎರಡಂಗುಲ. ಅತ್ತೆಯ ತಲೆಯೂ ಪಾದವೂ ಹೆದ್ದಾರಿಯ ಎರಡು ಬೈಕುಗಳಲ್ಲ. ಒಂದೇ ಬೈಕಿನ ಮೇಲೆ ಮುಂದೊಬ್ಬರು ಹಿಂದೊಬ್ಬರು ಕೂತ ಹಾಗೆ. ಅವರ ನಡುವಿನ ದೂರ ಜಾಸ್ತಿಯಾಗಲು ಸಾಧ್ಯವೇ?

ಇದಕ್ಕೂ ಅಂಕಿ ಇದೆ. ತಲೆಗಿಂತ ಪಾದ ಭೂಮಿಯ ನಡುಬಿಂದುವಿಗೆ ಹತ್ತಿರ ಇರುವುದರಿಂದ ಭೂಮಿಯೇ ಪಾದವನ್ನು ತುಸು ಜಾಸ್ತಿ ಎಳೆಯುತ್ತದೆ. ನಮ್ಮನ್ನು ಹಿಗ್ಗಿಸುವ ಈ ಎಳೆತ ಚಂದ್ರನದಕ್ಕಿಂತ ಸುಮಾರು 1.8 ಕೋಟಿ ಪಟ್ಟು ದೊಡ್ಡದು. ಹುಟ್ಟಿದಾಗಿನಿಂದ ಅದು ನಮ್ಮನ್ನು ಹಿಗ್ಗಿಸುತ್ತಲೇ ಇದೆ. ಯಾರಿಗಾದರೂ ಗೊತ್ತಾಗಿದೆಯೇ?

ಹಾಗಂತ ಚಂದ್ರನ ಪಾಲು ಪೂರ್ತಿ ಸೊನ್ನೆಯಲ್ಲ. ನಾವು ನಿಂತಿರುವುದು ಭೂಮಿಯ ಮೇಲ್ಮೈಯಲ್ಲಿ, ನಡುಬಿಂದುವಿನಿಂದ 6,371 ಕಿ.ಮೀ. ಆಚೆ. ಆ ದೂರದಿಂದಾಗಿ ಒಂದು ಸಣ್ಣ ವ್ಯತ್ಯಾಸ ನಮ್ಮ ಪಾಲಿಗೆ ಬರುತ್ತದೆ. ಚಂದ್ರ ನೆತ್ತಿಯ ಮೇಲೆ ಬಂದಾಗ ನಮ್ಮ ತೂಕ ಸುಮಾರು 90 ಲಕ್ಷದಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. 60 ಕೆಜಿಗೆ ಅದು 7 ಮಿಲಿಗ್ರಾಂ ಕೂಡ ಇಲ್ಲ. ಒಂದು ಅಕ್ಕಿ ಕಾಳಿನ ಮೂರನೇ ಒಂದು ಪಾಲು. ಎಳ್ಳಿನಲ್ಲಿ ಹೇಳುವುದಾದರೆ ಎರಡು ಕಾಳು. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯನೂ ಒಂದೇ ಸಾಲಿಗೆ ಬರುವುದರಿಂದ ಅವನದೂ ಸೇರಿ 10 ಮಿಲಿಗ್ರಾಂ ಮುಟ್ಟಬಹುದು. ಮೂರು ಎಳ್ಳು ಕಾಳು ಅನ್ನಿ.

ಈ ಮಾತನ್ನು ಅತ್ತೆಗೆ ಹೇಳಿದಾಗ ಅವರು ಒಳಗೆ ಹೋಗಿ ಡಬ್ಬಿಯಿಂದ ನಿಜವಾಗಲೂ ಎಳ್ಳು ತಂದರು. ಎರಡು ಕಾಳು ಆರಿಸಿ ಮೊಣಕಾಲ ಮೇಲೆ ಇಟ್ಟುಕೊಂಡರು. ಎಣ್ಣೆಗೆ ಅಂಟಿಕೊಂಡು ಕೂತವು. ಸ್ವಲ್ಪ ಹೊತ್ತು ನೋಡಿದರು. "ಇಷ್ಟೇನಾ?" ಅಂದರು. ಆಮೇಲೆ, "ಆದ್ರೆ ನೀರು ಬೇರೆ ಕಣೋ," ಅಂದರು. ಅಷ್ಟು ಸುಲಭಕ್ಕೆ ಬಿಟ್ಟುಕೊಡುವವರಲ್ಲ.

ನೀರು ಬೇರೆಯಲ್ಲ. ಚಂದ್ರನಿಗೆ ನೀರಿನ ಮೇಲೆ ವಿಶೇಷ ಪ್ರೀತಿಯೇನಿಲ್ಲ. ಮೂಳೆಯನ್ನು, ಕಲ್ಲನ್ನು, ಗಾಳಿಯನ್ನು ಕೂಡ ಅಷ್ಟೇ ಎಳೆಯುತ್ತಾನೆ. ನೀರು ಹರಿಯುತ್ತದೆ, ಅದಕ್ಕೆ ಕಣ್ಣಿಗೆ ಕಾಣುತ್ತದೆ ಅಷ್ಟೇ. ಸಾವಿರಾರು ಕಿಲೋಮೀಟರ್ ಉದ್ದದ ಸಾಗರದಲ್ಲಿ ನೀರು ಅಡ್ಡಡ್ಡಲಾಗಿ, ನಿಧಾನವಾಗಿ ಜಾರಿ ಒಂದು ಕಡೆ ಸೇರುತ್ತದೆ. ಎಲ್ಲಾ ಕಡೆಯಿಂದ ಚೂರು ಚೂರು ಬಂದು ಸೇರಿ ಉಬ್ಬುತ್ತದೆ. ಮಂಗಳೂರು, ಮಲ್ಪೆ ಕಡೆ ಉಬ್ಬರ ಇಳಿತದ ವ್ಯತ್ಯಾಸ ಒಂದರಿಂದ ಎರಡು ಮೀಟರ್ ಒಳಗೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ, ತೀರದ ಆಕಾರದಿಂದಾಗಿ, ಅದೇ 10 ಮೀಟರ್ ಹತ್ತಿರ ಹೋಗುತ್ತದೆ.

ಈಗ ನಮ್ಮ ಸೂಳೆಕೆರೆಗೆ ಬನ್ನಿ. ಚನ್ನಗಿರಿ ತಾಲ್ಲೂಕಿನ ಈ ಕೆರೆಯನ್ನು ಏಷ್ಯಾಕ್ಕೇ ಎರಡನೇ ದೊಡ್ಡದು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸಾವಿರಾರು ಎಕರೆ ನೀರು. ಹುಣ್ಣಿಮೆ ದಿನ ಏರಿ ಮೇಲೆ ನಿಂತರೆ ಅಲ್ಲಿ ಉಬ್ಬರ ಕಾಣುತ್ತದಾ? ಇಲ್ಲ. ಲೆಕ್ಕ ಹಾಕಿದರೆ ಒಂದು ಮಿಲಿಮೀಟರ್ ಕೂಡ ಬರುವುದಿಲ್ಲ. ಗಾಳಿ ಎಬ್ಬಿಸುವ ಸಣ್ಣ ಅಲೆಯೇ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಅಮೆರಿಕದ ಮಹಾ ಸರೋವರಗಳು ಸಮುದ್ರದಂತೆಯೇ ಕಾಣುತ್ತವೆ, ಅಲ್ಲೂ ಉಬ್ಬರ 5 ಸೆಂಟಿಮೀಟರ್ ದಾಟುವುದಿಲ್ಲ. ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಆ 89 ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಹುಣ್ಣಿಮೆ ಬಂದು ಹೋದವು. ಕೋಡಿ ಬೀಳಿಸಿದ್ದು ಮಳೆ.

ಸೂಳೆಕೆರೆಯಲ್ಲೇ ಕಾಣದ ಉಬ್ಬರ ಮೊಣಕಾಲ ಚಿಪ್ಪಿನ ಕೆಳಗಿನ ಒಂದು ಚಮಚವೂ ತುಂಬದಷ್ಟು ದ್ರವದಲ್ಲಿ ಕಾಣಲು ಹೇಗೆ ಸಾಧ್ಯ?

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಕಲ್ಲು ಕೂಡ ಉಬ್ಬುತ್ತದೆ. ನಾವು ಗಟ್ಟಿ ನೆಲ ಅಂತ ನಂಬಿರುವ ಭೂಮಿಯ ಚಿಪ್ಪು ದಿನಕ್ಕೆ ಎರಡು ಸಲ ಸುಮಾರು ಒಂದು ಅಡಿ ಏರಿ ಇಳಿಯುತ್ತದೆ. ನಿಟುವಳ್ಳಿಯೂ ಏರುತ್ತದೆ, ದುರ್ಗದ ಏಳು ಸುತ್ತಿನ ಕೋಟೆಯೂ ಏರುತ್ತದೆ. ನೂರಾರು ಕಿಲೋಮೀಟರ್ ನೆಲ ಒಟ್ಟಿಗೇ ಏರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಸ್ವಿಟ್ಜರ್ಲೆಂಡ್-ಫ್ರಾನ್ಸ್ ಗಡಿಯ ಸರ್ನ್ ಪ್ರಯೋಗಾಲಯದಲ್ಲಿ ನೆಲದಡಿ 27 ಕಿ.ಮೀ. ಸುತ್ತಳತೆಯ, ಉಂಗುರದಂಥ ಒಂದು ಸುರಂಗ ಇದೆ. 1990ರ ದಶಕದಲ್ಲಿ ಅದರೊಳಗೆ ಓಡುತ್ತಿದ್ದ ಕಣಗಳ ಶಕ್ತಿ ದಿನದಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ತರ ಬರುತ್ತಿತ್ತು. ಹುಡುಕಿದರೆ, ಕಾರಣ ಚಂದ್ರ! ನೆಲ ಉಬ್ಬಿ ಉಂಗುರದ ಸುತ್ತಳತೆ ಒಂದು ಮಿಲಿಮೀಟರ್‌ನಷ್ಟು ವ್ಯತ್ಯಾಸವಾಗುತ್ತಿತ್ತು. 27 ಕಿಲೋಮೀಟರಿಗೆ ಒಂದು ಮಿಲಿಮೀಟರ್.

ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಬೋರ್‌ವೆಲ್. ಬಂಡೆಯ ಸೀಳುಗಳಲ್ಲಿ ಒತ್ತಡದಲ್ಲಿ ಸಿಕ್ಕಿಕೊಂಡಿರುವ ನೀರು ಇರುವ ಕಡೆ ಕೊಳವೆಬಾವಿಯ ನೀರಿನ ಮಟ್ಟ ಚಂದ್ರನ ಜೊತೆ ಒಂದೆರಡು ಸೆಂಟಿಮೀಟರ್ ಏರಿಳಿಯುವುದನ್ನು ಸೂಕ್ಷ್ಮ ಸಲಕರಣೆಯಿಂದ ಅಳೆಯಬಹುದು. ಚಂದ್ರ ಆ ನೀರನ್ನು ನೇರವಾಗಿ ಎತ್ತುವುದಲ್ಲ. ಸುತ್ತಲಿನ ಬಂಡೆ ಹಿಗ್ಗಿ ಕುಗ್ಗುತ್ತದೆ, ಸ್ಪಂಜು ಹಿಂಡಿದ ಹಾಗೆ. ಚಳ್ಳಕೆರೆಯಲ್ಲಿ ಎಂಟುನೂರು ಅಡಿ ಕೊರೆಸಿಯೂ ನೀರು ಕಾಣದ ರೈತನಿಗೆ ಈ ಎರಡು ಸೆಂಟಿಮೀಟರಿನ ಕಥೆ ಹೇಳಲು ಹೋಗಬೇಡಿ, ಅಷ್ಟೇ.

ಮರುವಾರ ಅತ್ತೆಯನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಬೇಕಾಯಿತು. ಅತ್ತೆಯ ಮಗಳು ಇರುವುದು ಅಲ್ಲೇ. ಒಂದು ಗಂಟೆ ಚಿಲ್ಲರೆಯ ದಾರಿ. ಬಸ್ಸಿನಲ್ಲಿ ಕೂತು ಇನ್ನೊಂದಿಷ್ಟು ಲೆಕ್ಕ ಹಾಕಿದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 730ರ ಆಸುಪಾಸು. ಎತ್ತರ ಹೋದಂತೆ ಭೂಮಿಯ ಎಳೆತ ಕಡಿಮೆ. ಈ ಒಂದು ಬಸ್ ಪ್ರಯಾಣದಲ್ಲಿ 60 ಕೆಜಿಯವರು ಸುಮಾರು ಎರಡು ಗ್ರಾಂ ಹಗುರವಾಗುತ್ತಾರೆ. ಚಂದ್ರ ಮಾಡುವುದಕ್ಕಿಂತ ಇನ್ನೂರು ಮುನ್ನೂರು ಪಟ್ಟು ಜಾಸ್ತಿ. ಬೆಣ್ಣೆ ದೋಸೆ ತಿಂದು ಹತ್ತಿದ್ದರೆ ಆ ಲೆಕ್ಕ ಬೇರೆ ಬಿಡಿ.

ಪಕ್ಕದ ಸೀಟಿನಲ್ಲಿ ಕೂತವರ ಕಥೆ ಇನ್ನೂ ಚೆನ್ನಾಗಿದೆ. ಅರ್ಧ ಮೀಟರ್ ದೂರದಲ್ಲಿ ಕೂತ 60 ಕೆಜಿಯ ಒಬ್ಬ ಮನುಷ್ಯ ನಮ್ಮ ಮೈಯನ್ನು ಹಿಗ್ಗಿಸುವ ಎಳೆತ ಚಂದ್ರನದಕ್ಕಿಂತ ಮೂರು ಲಕ್ಷ ಪಟ್ಟಿಗೂ ಜಾಸ್ತಿ. ಬರೀ ಎಳೆತದಲ್ಲಿ ಚಂದ್ರನೇ ದೊಡ್ಡವನು, ಆದರೆ ವ್ಯತ್ಯಾಸದಲ್ಲಿ ಪಕ್ಕದವರು ಗೆಲ್ಲುತ್ತಾರೆ. ಯಾಕಂದರೆ ಅವರು ಅಷ್ಟು ಹತ್ತಿರ ಇದ್ದಾರೆ. ಮೂರು ಲಕ್ಷ ಪಟ್ಟಾದರೂ ಅದೂ ಏನೂ ಅಲ್ಲ. ಪಕ್ಕದವರ ಮೊಣಕೈ ತಗುಲುತ್ತದೆ, ಗುರುತ್ವ ತಗುಲುವುದಿಲ್ಲ.

ಕೋಟೆಗೆ ಹೋದವರಿಗೆ ಒಂದು ಸುಲಭದ ಅಳತೆ ಇದೆ. ಅಲ್ಲಿ ಎರಡು ಮೂರು ಮೆಟ್ಟಿಲು ಹತ್ತಿ ನಿಲ್ಲಿ. ಚಂದ್ರ ನೆತ್ತಿ ಮೇಲೆ ಬಂದಾಗ ನಿಮ್ಮ ತೂಕ ಎಷ್ಟು ಕಡಿಮೆಯಾಗುತ್ತದೋ ಅಷ್ಟು ಆಗಲೇ ಕಡಿಮೆಯಾಗಿದೆ. ಓಬವ್ವನ ಕಿಂಡಿಯ ಹತ್ತಿರ ಹೋಗುವಷ್ಟರಲ್ಲಿ ಅಂಥ ಎಷ್ಟೋ ಚಂದ್ರರನ್ನು ನೀವು ದಾಟಿರುತ್ತೀರಿ. ಆಗ ಕಾಲು ನೋವು ಬಂದರೆ ಅದರ ಕಾರಣ ಚಂದ್ರ ಅಂತ ಯಾರೂ ಹೇಳುವುದಿಲ್ಲ.

ಚಂದ್ರನ ಗುರುತ್ವ ನಿಜವಾಗಿ ಮೈಗೆ ಗೊತ್ತಾಗಬೇಕಾದರೆ ಅಲ್ಲಿಗೇ ಹೋಗಬೇಕು. ಅಲ್ಲಿ ನಮ್ಮ ತೂಕ ಆರರಲ್ಲಿ ಒಂದು ಪಾಲು, 60 ಕೆಜಿಯವರು 10 ಕೆಜಿ ತೂಗುತ್ತಾರೆ. ಚಂದ್ರನ ನೆಲದ ಒಂದು ನಕಲು ಮಾತ್ರ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಚಂದ್ರಯಾನದ ಲ್ಯಾಂಡರ್‌ನ ಸಲಕರಣೆಗಳನ್ನು ಪರೀಕ್ಷಿಸಲು ಇಸ್ರೋದವರು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಗುಂಡಿಗಳನ್ನು ತೋಡಿದ್ದರು. ಗುಂಡಿ ಚಂದ್ರನದು, ಗುರುತ್ವ ಚಳ್ಳಕೆರೆಯದೇ.

ಇನ್ನು ರಕ್ತ. "ಹುಣ್ಣಿಮೆಗೆ ರಕ್ತ ಏರುತ್ತದೆ" ಅನ್ನೋ ಮಾತು ಕೇಳಿರುತ್ತೀರಿ. ನಾವು ಎದ್ದು ನಿಂತಾಗ, ಬರೀ ಭೂಮಿಯ ಎಳೆತದಿಂದ, ಪಾದದ ರಕ್ತನಾಳಗಳಲ್ಲಿ ಒತ್ತಡ ಹೃದಯದ ಹತ್ತಿರ ಇರುವುದಕ್ಕಿಂತ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಜಾಸ್ತಿಯಾಗುತ್ತದೆ. ಬಿಪಿ ನೋಡುವಾಗ 120, 80 ಅಂತ ಹೇಳುತ್ತಾರಲ್ಲ, ಅದೇ ಅಳತೆ. ಹಾಸಿಗೆಯಿಂದ ಎದ್ದರೆ ಇಷ್ಟು ದೊಡ್ಡ ಏರುಪೇರು. ಮೈ ಅದನ್ನು ಕೆಲವೇ ಸೆಕೆಂಡುಗಳಲ್ಲಿ ಸರಿದೂಗಿಸಿಕೊಳ್ಳುತ್ತದೆ. ಆ 90ರಲ್ಲಿ 90 ಲಕ್ಷದ ಒಂದು ಪಾಲು ಚಂದ್ರನದು. ದಿನಾ ಹತ್ತಾರು ಸಲ ಕೂತು ಎದ್ದು ಮಾಡುವ ದೇಹಕ್ಕೆ ಇದು ಗೊತ್ತೂ ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವ ವಾದ ಅಂಕಿಯದಲ್ಲ, ಗಡಿಯಾರದ್ದು. ಗುರುತ್ವವೇ ಕಾರಣವಾಗಿದ್ದರೆ ನೋವು ಹುಣ್ಣಿಮೆಗೆ ಕಾಯಬೇಕಾಗಿಲ್ಲ. ಚಂದ್ರ ದಿನಾ ನೆತ್ತಿಗೆ ಬರುತ್ತಾನೆ, ದಿನಾ ಕಾಲಡಿಗೂ ಹೋಗುತ್ತಾನೆ. ಎರಡೂ ಹೊತ್ತಿನಲ್ಲಿ ಆ ಎರಡು ಎಳ್ಳು ಕಾಳು ಕಡಿಮೆಯಾಗುತ್ತವೆ. ಅವನು ದಿಗಂತದಲ್ಲಿದ್ದಾಗ ಒಂದು ಕಾಳು ಜಾಸ್ತಿಯಾಗುತ್ತದೆ. ಅಂದರೆ ಮೊಣಕಾಲು ದಿನಕ್ಕೆ ಎರಡು ಸಲ ಹಿಡಿದು ಎರಡು ಸಲ ಬಿಡಬೇಕು. ಅದೂ ದಿನದಿಂದ ದಿನಕ್ಕೆ 50 ನಿಮಿಷ ತಡವಾಗಿ, ಚಂದ್ರೋದಯ ತಡವಾಗುವ ಹಾಗೆ. ಅಷ್ಟಮಿಯ ಅರ್ಧ ಚಂದ್ರನೂ ಪೂರ್ತಿ ಚಂದ್ರನೇ ತಾನೇ? ಕಾಣುವುದು ಅರ್ಧ, ಭಾರ ಅಷ್ಟೇ. ಇನ್ನೊಂದು ವಿಷಯ. ಚಂದ್ರನ ದಾರಿ ದುಂಡಗಿಲ್ಲ, ತಿಂಗಳಿಗೊಮ್ಮೆ ಹತ್ತಿರ ಬಂದು ದೂರ ಹೋಗುತ್ತಾನೆ. ತೀರಾ ಹತ್ತಿರ ಬಂದಾಗಿನ ಉಬ್ಬರದ ಬಲ ತೀರಾ ದೂರ ಹೋದಾಗಿನದರ ಒಂದೂವರೆ ಪಟ್ಟು ಇರಬಹುದು. ಆ ದಿನಕ್ಕೂ ಹುಣ್ಣಿಮೆಗೂ ಸಂಬಂಧವಿಲ್ಲ. ಆ ದಿನ ನೋವು ಬಂತು ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಕ್ಯಾಲೆಂಡರಿನಲ್ಲಿ ಅದಕ್ಕೆ ಗುರುತೇ ಇಲ್ಲವಲ್ಲ.

ಹೆರಿಗೆ ವಾರ್ಡಿನ ನರ್ಸ್‌ಗಳು "ಹುಣ್ಣಿಮೆಗೆ ಹೆರಿಗೆ ಜಾಸ್ತಿ" ಅನ್ನುತ್ತಾರೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1997ರಿಂದ 2001ರವರೆಗೆ ಆದ 5,64,039 ಹೆರಿಗೆಗಳನ್ನು ಚಂದ್ರನ ಕಲೆಯ ಜೊತೆ ಇಟ್ಟು ನೋಡಿದರು. ಯಾವ ಏರುಪೇರೂ ಸಿಗಲಿಲ್ಲ. ಅಮೆರಿಕದ್ದೇ ಇನ್ನೊಂದು ಅಧ್ಯಯನದಲ್ಲಿ ತುರ್ತು ಚಿಕಿತ್ಸೆಗೆ ಬಂದ 1,50,999 ರೋಗಿಗಳ ನಾಲ್ಕು ವರ್ಷದ ಲೆಕ್ಕ ತೆಗೆದರು. ಹುಣ್ಣಿಮೆಗೂ ಬೇರೆ ದಿನಕ್ಕೂ ವ್ಯತ್ಯಾಸವಿಲ್ಲ. ತಮಾಷೆಯೂ ಇದೆ. 2000ದ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಒಂದೇ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಬರಹ ಬಂದವು. ಬ್ರಾಡ್‌ಫರ್ಡ್‌ನವರು ಹುಣ್ಣಿಮೆಗೆ ಪ್ರಾಣಿ ಕಡಿತ ಜಾಸ್ತಿ ಅಂದರು. ಆಸ್ಟ್ರೇಲಿಯಾದವರು ನಾಯಿ ಕಡಿತಕ್ಕೂ ಹುಣ್ಣಿಮೆಗೂ ಸಂಬಂಧವೇ ಇಲ್ಲ ಅಂದರು. ಚಂದ್ರ ಒಬ್ಬನೇ, ನಾಯಿಗಳು ಬೇರೆ ಬೇರೆ ಅನ್ನೋಣವೇ?

ಮುಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ. ಮುಟ್ಟಿನ ಸುತ್ತು ಸರಾಸರಿ 28ರ ಆಸುಪಾಸು, ಆದರೆ 21ರಿಂದ 35 ದಿನದವರೆಗೆ ಯಾವುದಾದರೂ ಸಹಜವೇ. ಕೊಟ್ಟಿಗೆ ಇರುವ ಮನೆಯವರಿಗೆ ಗೊತ್ತು, ಹಸು ಬೆದೆಗೆ ಬರುವುದು 21 ದಿನಕ್ಕೊಮ್ಮೆ, ಕುರಿ 17 ದಿನಕ್ಕೊಮ್ಮೆ. ಎಲ್ಲರ ಮೇಲೂ ಇರುವುದು ಅದೇ ಚಂದ್ರ.

ಹಾಗಾದರೆ ಹುಣ್ಣಿಮೆಗೂ ಮೈಗೂ ಯಾವ ಸಂಬಂಧವೂ ಇಲ್ಲವೇ? ಇಲ್ಲಿ ನಾನು ಸ್ವಲ್ಪ ತಡೆದು ಮಾತಾಡುತ್ತೇನೆ. ಗುರುತ್ವ ಇಲ್ಲದಿದ್ದರೂ ಬೆಳಕು ಇದೆ.

ನಮ್ಮಜ್ಜನ ಕಾಲದಲ್ಲಿ ಸುಗ್ಗಿಯ ಹೊತ್ತಿಗೆ ಹುಣ್ಣಿಮೆ ಹತ್ತಿರ ಬಂದರೆ ಕಣದಲ್ಲಿ ರಾತ್ರಿಯೆಲ್ಲಾ ಕೆಲಸ. ರಾಗಿ ತೆನೆ ಹರಡಿ, ಎತ್ತು ಕಟ್ಟಿ, ಕಲ್ಲಿನ ಗುಂಡು ಉರುಳಿಸಿ ಒಕ್ಕುತ್ತಿದ್ದರಂತೆ. ಗಾಳಿ ಬಂದಾಗ ತೂರುತ್ತಿದ್ದರಂತೆ. ಬಯಲಾಟ ಇರುತ್ತಿತ್ತು, ಬೆಳದಿಂಗಳೂಟ ಇರುತ್ತಿತ್ತು, ಮಕ್ಕಳು ಬೀದಿಯಲ್ಲೇ. ಕರೆಂಟಿಲ್ಲದ ಊರಿನಲ್ಲಿ ಹುಣ್ಣಿಮೆ ಅಂದರೆ ತಿಂಗಳಲ್ಲಿ ನಾಲ್ಕೈದು ದಿನ ಬಿಟ್ಟಿ ದೀಪ. ಯಾರು ಮಲಗುತ್ತಾರೆ? ಮರುದಿನ ಮೈಕೈ ನೋವು, ತಲೆ ಭಾರ, ಸಿಡುಕು ಇದ್ದರೆ ಆಶ್ಚರ್ಯವೇನು?

ಇದು ಬರೀ ಅಜ್ಜನ ಕಥೆಯಲ್ಲ. ಅರ್ಜೆಂಟೀನಾದ ಕೋಮ್ ಬುಡಕಟ್ಟಿನವರ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕರೆಂಟ್ ಇಲ್ಲದ ಹಳ್ಳಿ, ಅರೆಬರೆ ಇರುವ ಹಳ್ಳಿ, ಪೂರ್ತಿ ಇರುವ ಊರು, ಮೂರೂ ಕಡೆ. ಹುಣ್ಣಿಮೆಗೆ ಮುಂಚಿನ ಮೂರು ಐದು ದಿನ ಜನ ತಡವಾಗಿ ಮಲಗುತ್ತಿದ್ದರು, ಕಡಿಮೆ ನಿದ್ದೆ ಮಾಡುತ್ತಿದ್ದರು. ಹುಣ್ಣಿಮೆಗೆ ಮುಂಚೆಯೇ ಯಾಕೆ? ಆಗ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಆಗಲೇ ಮೇಲಿರುತ್ತಾನೆ, ಸಂಜೆಯಿಂದಲೇ ಬೆಳಕು. ಹುಣ್ಣಿಮೆ ಕಳೆದ ಮೇಲೆ ತಡವಾಗಿ ಹುಟ್ಟುತ್ತಾನೆ, ಅಷ್ಟರಲ್ಲಿ ನಾವು ಮಲಗಿರುತ್ತೇವೆ. ಅಮೆರಿಕದ ಸಿಯಾಟಲ್ ನಗರದ ವಿದ್ಯಾರ್ಥಿಗಳಲ್ಲೂ ಇದೇ ತರದ ಏರಿಳಿತ ಕಂಡಿತು. ಬೀದಿ ದೀಪದ ಊರಿನಲ್ಲಿ ಯಾಕೆ ಹೀಗೆ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ.

2013ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 33 ಜನರ ಹಳೆಯ ನಿದ್ದೆ ದಾಖಲೆ ತೆಗೆದು ನೋಡಿದಾಗ, ಬೆಳದಿಂಗಳು ಒಳಗೆ ಬಾರದ ಕೋಣೆಯಲ್ಲೂ, ಹುಣ್ಣಿಮೆ ಸುತ್ತ ನಿದ್ದೆ 20 ನಿಮಿಷ ಕಡಿಮೆಯಾದದ್ದು ಕಂಡಿತು. ದೊಡ್ಡ ಸುದ್ದಿಯಾಯಿತು. ಮರುವರ್ಷ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 470 ಜನರ ದಾಖಲೆ ನೋಡಿದರು, ಅಂಥದ್ದೇನೂ ಸಿಗಲಿಲ್ಲ. ಅದು ಅಷ್ಟು ಸುದ್ದಿಯಾಗಲಿಲ್ಲ. ನಾನಂತೂ 33ಕ್ಕಿಂತ 470ನ್ನು ನಂಬುತ್ತೇನೆ. ಹೇಗೂ ಪೂರ್ಣ ಚಂದ್ರನ ಬೆಳಕು ಹೆಚ್ಚೆಂದರೆ 0.3 ಲಕ್ಸ್, ನಮ್ಮ ಮನೆಯ ಹಾಲಿನ ಟ್ಯೂಬ್‌ಲೈಟ್ ಅದಕ್ಕಿಂತ ನೂರಾರು ಪಟ್ಟು ಜಾಸ್ತಿ. ನಿದ್ದೆ ಕೆಡಿಸುವುದರಲ್ಲಿ ಕೈಯಲ್ಲಿರೋ ಮೊಬೈಲ್ ಚಂದ್ರನಿಗೆ ಗುರು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಮೂರ್ಛೆ, ಮಾನಸಿಕ ಕಾಯಿಲೆ ಇರುವವರಿಗೆ "ಹುಣ್ಣಿಮೆ ಕಳೀಲಿ, ತಾನೇ ಸರಿ ಹೋಗ್ತದೆ" ಅಂತ ಮಾತ್ರೆ ತಪ್ಪಿಸುವುದು, ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದು ನಮ್ಮ ಕಡೆ ಇನ್ನೂ ಇದೆ. ಅದರಿಂದ ಆಗುವ ಕೇಡು ಎರಡು ಎಳ್ಳು ಕಾಳಿನಷ್ಟಲ್ಲ.

ಮತ್ತೆ ಅತ್ತೆಗೆ ಬರೋಣ. ಅವರ ನೋವು ಸುಳ್ಳಲ್ಲ. ಹುಣ್ಣಿಮೆಗೆ ಬರುತ್ತದೆ ಅನ್ನುವುದೂ ಒಂದು ಅರ್ಥದಲ್ಲಿ ನಿಜವೇ. ಅಡುಗೆಮನೆಯ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಹುಣ್ಣಿಮೆಗೆ ಒಂದು ಬಿಳಿ ಬಿಲ್ಲೆ, ಅಮಾವಾಸ್ಯೆಗೆ ಒಂದು ಕಪ್ಪು ಬಿಲ್ಲೆ. ನೋವು ಬಂದಾಗ ಕಣ್ಣು ಅಲ್ಲಿಗೆ ಹೋಗುತ್ತದೆ. ಬಿಲ್ಲೆಗೆ ಎರಡು ದಿನ ಹಿಂದೆ ಮುಂದೆ ಇದ್ದರೂ "ನೋಡು, ಹುಣ್ಣಿಮೆ" ಅನ್ನುತ್ತೇವೆ. ಹಿಂದೆರಡು, ಮುಂದೆರಡು, ಆ ದಿನ ಒಂದು, ಒಟ್ಟು ಐದು. ಅಮಾವಾಸ್ಯೆಗೂ ಐದು. ತಿಂಗಳ ಮೂವತ್ತು ದಿನದಲ್ಲಿ ಹತ್ತು ದಿನ ಹೀಗೆ ಚಂದ್ರನ ಲೆಕ್ಕಕ್ಕೆ ಹೋಯಿತು. ನೋವು ಯಾವ ಕಾರಣಕ್ಕೆ ಬಂದರೂ ಮೂರರಲ್ಲಿ ಒಂದು ಸಲ ಅದು ಆ ಹತ್ತು ದಿನದೊಳಗೆ ಬಿದ್ದೇ ಬೀಳುತ್ತದೆ. ಆ ಒಂದು ನೆನಪಿರುತ್ತದೆ. ಉಳಿದ ಎರಡು ಬರೀ ಕಾಲು ನೋವು.

ಅದಕ್ಕೇ ಅತ್ತೆಗೆ ಒಂದು ನೋಟ್‌ಬುಕ್ ಕೊಟ್ಟೆ. ತಾರೀಖು ಮಾತ್ರ ಬರೆದಿಟ್ಟೆ, ತಿಥಿ ಬರೆಯಲಿಲ್ಲ. ರಾತ್ರಿ ಮಲಗುವ ಮುಂಚೆ ನೋವು ಇತ್ತಾ ಇಲ್ವಾ, ಅವತ್ತು ಏನು ಕೆಲಸ ಮಾಡಿದ್ರಿ, ಎರಡೇ ಮಾತು ಬರೆಯಿರಿ ಅಂದೆ. ಮೂರು ತಿಂಗಳು ತಪ್ಪದೆ ಬರೆದಿದ್ದಾರೆ. ಪೆನ್ಸಿಲ್ಲಿನ ದುಂಡು ಅಕ್ಷರ. "ಶೇಂಗಾ ಚಟ್ನಿಪುಡಿ ಕುಟ್ಟಿದೆ. ಇಲ್ಲ." "ಸಂತೆ. ಸ್ವಲ್ಪ ಇತ್ತು." "ದುರ್ಗ. ಜಾಸ್ತಿ." "ದುರ್ಗದಿಂದ ಬಂದೆ. ಬಹಳ ಜಾಸ್ತಿ."

ದಸರಾ ರಜೆಯಲ್ಲಿ ಇಬ್ಬರೂ ಕೂತು ಕ್ಯಾಲೆಂಡರ್ ಜೊತೆ ಹೊಂದಿಸಿ ನೋಡಿದೆವು. ನೋವಿನ ದಿನ ಒಟ್ಟು 14. ಹುಣ್ಣಿಮೆ, ಅಮಾವಾಸ್ಯೆಯ ಹಿಂದು ಮುಂದಿನ ಎರಡು ದಿನ ಸೇರಿಸಿದರೂ ಅದರಲ್ಲಿ ಬಿದ್ದದ್ದು ಐದು. ಆದರೆ 14ರಲ್ಲಿ ಎಂಟು, ಚಿತ್ರದುರ್ಗಕ್ಕೆ ಮಗಳ ಮನೆಗೆ ಹೋದ ದಿನ ಅಥವಾ ಅದರ ಮರುದಿನ. ಮಗಳು ಇರುವುದು ಮೂರನೇ ಮಹಡಿ. ನಾನೇ ಎಣಿಸಿದ್ದೇನೆ, 54 ಮೆಟ್ಟಿಲು.

ಅತ್ತೆ ನೋಟ್‌ಬುಕ್ಕಿನ ಹಾಳೆ ಹಿಂದೆ ಮುಂದೆ ತಿರುವಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಇನ್ನೊಮ್ಮೆ ಎಣಿಸಿದರು. ಎಂಟೇ.

"ಸರಿ, ಚಂದ್ರನ್ನ ಬಿಡಪ್ಪ," ಅಂದರು. "ಆ ಬಿಲ್ಡಿಂಗಿನೋರು ಲಿಫ್ಟ್ ಯಾವಾಗ ಹಾಕಿಸ್ತಾರಂತೆ, ಅದನ್ನ ಕೇಳು."